ತಾತನನ್ನು ಎತ್ತಿದ ದಿನ

ನನ್ನ ಬಾಯಿಗೆ ಬೀಗವಿಲ್ಲ. ಇದನ್ನು ನನ್ನ ಹೆಂಡತಿ ಹೇಳುತ್ತಾಳೆ, ಅಮ್ಮ ಹೇಳುತ್ತಾಳೆ, ಜೊತೆಯ ಗೈಡುಗಳು ಕುಡಿದಾಗಲೂ ಹೇಳುತ್ತಾರೆ, ಕುಡಿಯದಾಗಲೂ ಹೇಳುತ್ತಾರೆ. ಹದಿನಾಲ್ಕು ವರ್ಷದಿಂದ ಸಿಯೆಮ್ ರಿಯಪ್‌ಗೆ ಬಂದವರಿಗೆಲ್ಲ ಅಂಕೋರಿನ ಗುಡಿಗಳನ್ನು ತೋರಿಸುತ್ತಿದ್ದೇನೆ. ಬಾಯಿಯಿಂದಲೇ ಹೊಟ್ಟೆ ಹೊರೆಯುವವನಿಗೆ ಬೀಗ ಯಾಕೆ ಎಂದು ನಾನೂ ಉಡಾಫೆ ಮಾಡುತ್ತಿದ್ದೆ. ಬುನ್ಥನ್ ಬಾಯಿ ಬಿಟ್ಟರೆ ಕಲ್ಲೂ ನಗುತ್ತದೆ ಎಂದು ಹೆಸರಾಗಿತ್ತು. ಆ ಹೆಸರಿಗಿಷ್ಟು ಬೆಂಕಿ ಬೀಳಲಿ.

ನಮ್ಮ ಕಸುಬಿನಲ್ಲಿ ಮೂರು ದಿನದ ಸುತ್ತು ಅಂತ ಒಂದಿದೆ. ಮೊದಲ ದಿನ ದೊಡ್ಡ ಗುಡಿ. ಎರಡನೆಯ ದಿನ ಕೆಂಪು ಕಲ್ಲಿನ ಸಣ್ಣ ಗುಡಿ, ಅಲ್ಲಿಂದ ಗುಡ್ಡ ಹತ್ತಿ ಹೊಳೆಯ ತಳದಲ್ಲೇ ಲಿಂಗಗಳನ್ನು ಕೆತ್ತಿರುವ ಜಾಗ. ಮೂರನೆಯ ದಿನ ದೋಣಿಯಲ್ಲಿ ಸರೋವರ. ಅಷ್ಟು ಹೊತ್ತಿಗೆ ಬಂದವರಿಗೆ ಕಲ್ಲು ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿರುತ್ತದೆ. ನೀರು ಕಂಡರೆ ಸಾಕು, ಯಾರೂ ಪ್ರಶ್ನೆ ಕೇಳುವುದಿಲ್ಲ.

ಆ ಸಲ ನಾಲ್ಕು ಜನ ಇದ್ದರು. ಆಸ್ಟ್ರೇಲಿಯಾದ ಗಂಡ ಹೆಂಡತಿ, ಅವರ ಮಗಳು, ಮತ್ತೆ ಲೂಸಿಯಾಂ ಎಂಬ ಫ್ರಾನ್ಸಿನ ಮುದುಕ. ಎಪ್ಪತ್ತರ ಮೇಲಾಗಿತ್ತು. ತೆಳ್ಳಗೆ, ಬೆಳ್ಳಗೆ, ಮಾತು ಕಡಿಮೆ. ಇಂಥವರೇ ಅಪಾಯ. ಮಾತಾಡುವವರನ್ನು ಮಾತಿನಲ್ಲೇ ಹಿಡಿಯಬಹುದು, ಸುಮ್ಮನಿರುವವರು ಏನು ತಿಳಿದಿದ್ದಾರೆ ಎಂದೇ ಗೊತ್ತಾಗುವುದಿಲ್ಲ.

ಕೆಂಪು ಗುಡಿಯಲ್ಲಿ ನಾನು ಎಂದಿನಂತೆ ಕತೆ ತೆಗೆದೆ. "ನೋಡಿ, ಇಷ್ಟು ನಾಜೂಕು ಕೆಲಸ ಗಂಡಸರ ಕೈಯಲ್ಲಿ ಆಗುತ್ತದೆಯೆ? ಇದನ್ನು ಕೆತ್ತಿದವರು ಹೆಂಗಸರು." ಆಸ್ಟ್ರೇಲಿಯಾದ ಹುಡುಗಿ ಖುಷಿಯಾಗಿ ಚಪ್ಪಾಳೆ ತಟ್ಟಿದಳು. ಆಗ ಲೂಸಿಯಾಂ ಬಾಗಿಲ ಪಕ್ಕದ ಶಾಸನದ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ, ಅದನ್ನು ಗಟ್ಟಿಯಾಗಿ ಓದಿದ. ನಮ್ಮ ಅಜ್ಜನ ಅಜ್ಜಂದಿರ ಅಕ್ಷರ. ನನಗೆ ಒಂದಕ್ಷರವೂ ಬರುವುದಿಲ್ಲ, ಅವನಿಗೆ ನೀರು ಕುಡಿದಷ್ಟು ಸಲೀಸು. ಓದಿ ಮುಗಿಸಿ, ನಗದೆ, ಬಹಳ ಮೆತ್ತಗೆ ಹೇಳಿದ: "ಇದನ್ನು ಕಟ್ಟಿಸಿದವನು ರಾಜಗುರು ಎಂದು ಬರೆದಿದೆ. ಹೆಂಗಸರ ಮಾತೇ ಇಲ್ಲ. ಆದರೆ ನಿಮ್ಮ ಕತೆ ಚೆನ್ನಾಗಿದೆ."

ಚೆನ್ನಾಗಿದೆಯಂತೆ! ಹುಡುಗಿ ಕಿಸಕ್ಕನೆ ನಕ್ಕಳು. ನನ್ನ ಕಿವಿ ಬಿಸಿಯಾಯಿತು. ಗುಡ್ಡದ ಮೇಲೆ ಹೊಳೆಯ ಲಿಂಗಗಳ ಹತ್ತಿರವೂ ಹಾಗೇ ಆಯಿತು. ಸಾವಿರ ಎಂದರೆ ಅವನು ಲೆಕ್ಕ ಹೇಳಿದ, ರಾಜನ ಹೆಸರು ಹೇಳಿದರೆ ಅಪ್ಪನ ಹೆಸರು ತಿದ್ದಿದ. ಒಂದು ಸಲವೂ ದನಿ ಎತ್ತಲಿಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು. ಊಟಕ್ಕೆ ಕೂತಾಗ ನನ್ನೊಳಗೆ ಕುದಿಯುತ್ತಿದ್ದದ್ದು ಹೊರಗೆ ಬಂತು.

"ಲೂಸಿಯಾಂ ಅವರೆ, ನಿಮ್ಮ ಪುಸ್ತಕದಲ್ಲಿ ಇಲ್ಲದ ಒಂದು ಕಲ್ಲು ನಮ್ಮೂರಲ್ಲಿದೆ. ನಾಳೆ ತೋರಿಸುತ್ತೇನೆ" ಎಂದೆ.

ಅವನು ಚಮಚ ಕೆಳಗಿಟ್ಟು ನನ್ನನ್ನು ನೋಡಿದ. ಎರಡು ದಿನದಲ್ಲಿ ಮೊದಲ ಸಲ ಆ ಕಣ್ಣಿನಲ್ಲಿ ನನ್ನ ಬಗ್ಗೆ ಗೌರವ ಕಂಡಿತು. ಅಷ್ಟಕ್ಕೇ ನಾನು ಉಬ್ಬಿಹೋದೆ.

ನಮ್ಮೂರು ಕಂಪಾಂಗ್ ರೋಕಾ ಸರೋವರದ ಅಂಚಿನಲ್ಲಿ, ಒಂದು ಹೊಳೆಯ ಬಾಯಲ್ಲಿದೆ. ಕಂಬದ ಮೇಲಿನ ಮನೆಗಳು. ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲ ಮನೆಯ ಮೆಟ್ಟಿಲೂ ನೀರಿನಲ್ಲಿ, ಒಂದು ಮಣ್ಣಿನ ದಿಬ್ಬ ಮಾತ್ರ ಒಣಗಿರುತ್ತದೆ. ಆ ದಿಬ್ಬದ ಮೇಲೆ ತಗಡಿನ ಮಾಡಿನ ಕೆಳಗೆ ತಾತ ಇದ್ದಾನೆ. ಇದ್ದ.

ತಾತ ಎಂದರೆ ನಮ್ಮೂರಿನ ತಾತ, ಎಲ್ಲರಿಗೂ ತಾತ. ಎದೆಯೆತ್ತರದ ಕಲ್ಲು. ಮೂಗಿಲ್ಲ, ತೋಳಿಲ್ಲ, ಕುತ್ತಿಗೆಯಲ್ಲಿ ಹಳೆಯ ಬಿರುಕು, ಅದಕ್ಕೆ ಯಾವುದೋ ಕಾಲದಲ್ಲಿ ಸುಣ್ಣ ಮೆತ್ತಿದ್ದಾರೆ. ಮುಖಕ್ಕೆ ಸುಗಂಧದ ಪುಡಿ, ಕೆಂಪು ತುಟಿ, ಮೈಗೆ ಹಳದಿ ರೇಷ್ಮೆ. ಸರೋವರದ ನೀರು ಏರಿ ಏರಿ ಅವನ ಪೀಠದ ತನಕ ಬಂದು ನಿಲ್ಲುತ್ತದೆ, ಮುಂದೆ ಬರುವುದಿಲ್ಲ. ನಮ್ಮೂರಲ್ಲಿ ಮಗು ಹುಟ್ಟಿದರೂ ಅವನಿಗೆ ಹೇಳಬೇಕು, ಹೊಸ ಬಲೆ ಇಳಿಸುವಾಗಲೂ ಹೇಳಬೇಕು. ದೇವರೇ ಬೇಡವೆಂದವರು ದೇಶ ಆಳಿದ ಆ ಕೆಟ್ಟ ಮೂರು ವರ್ಷ ಎಂಟು ತಿಂಗಳಲ್ಲಿ ದೇವರೆಂಬ ಹೆಸರಿದ್ದ ಕಲ್ಲನ್ನೆಲ್ಲ ಒಡೆಯುತ್ತಿದ್ದಾಗ, ನನ್ನ ತಾಯಿಯ ಅಪ್ಪ ಇವನನ್ನು ಹೊಳೆಯ ಕೆಸರಿಗೆ ಇಳಿಸಿ ಬಚ್ಚಿಟ್ಟರು. ಆಮೇಲೆ ಎತ್ತುವಾಗ ಎಂಟು ಗಂಡಸರು ಮೂರು ದಿನ ಒದ್ದಾಡಿದರೂ ಅಲುಗಲಿಲ್ಲವಂತೆ. ನಾಲ್ಕನೆಯ ದಿನ ಅಜ್ಜಿ ಕೋಳಿ ಇಟ್ಟು ಬೇಡಿಕೊಂಡ ಮೇಲೆ ನಾಲ್ಕೇ ಜನಕ್ಕೆ ಎದ್ದುಬಂದನಂತೆ. ಮನಸ್ಸಿದ್ದರೆ ತಾತ ಹಗುರ, ಮನಸ್ಸಿಲ್ಲದಿದ್ದರೆ ಬೆಟ್ಟ. ಇದು ನಮ್ಮೂರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು.

ಅಜ್ಜಿ ಹೋದಮೇಲೆ ತಾತ ಅಮ್ಮನ ಮೈಮೇಲೆ ಬರತೊಡಗಿದ. ಅಮ್ಮನ ಹೆಸರು ಸಾರೆತ್, ಈಗ ಅರವತ್ತಾರು. ಮೂವತ್ತೊಂದು ವರ್ಷದಿಂದ ಊರಿನ ಕಾಯಿಲೆ, ಕಳವು, ಗಂಡಹೆಂಡಿರ ಜಗಳ ಎಲ್ಲವನ್ನೂ ತಾತ ಅವಳ ಬಾಯಲ್ಲಿ ವಿಚಾರಿಸಿದ್ದಾನೆ. ಅವನು ಬಂದಾಗ ಅವಳ ದನಿ ಗೊಗ್ಗರಾಗುತ್ತದೆ, ಅಕ್ಕಿ ಹೆಂಡ ಕೇಳುತ್ತಾಳೆ. ಉಳಿದ ದಿನ ಹೆಂಡದ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಾಳೆ. ಬೆಳಗ್ಗೆ ಅನ್ನ ಇಡುವಾಗ ಮನೆಯ ಮಾವನ ಹತ್ತಿರ ಮಾತಾಡುವ ಹಾಗೆ ಅವನ ಹತ್ತಿರ ಮಾತಾಡುತ್ತಾಳೆ. ಮೀನು ಸಿಗದ ದಿನ ಬೈಯುತ್ತಾಳೆ ಕೂಡ.

ಮೂರನೆಯ ದಿನ ದೋಣಿ ಹತ್ತಿ ಊರಿನ ಹೆಸರು ಹೇಳಿದಾಗ ಥೋಲ್ ಬಾಯಿ ಬಿಟ್ಟ. ಥೋಲ್ ನನ್ನ ಸೋದರಮಾವನ ಮಗ, ದೋಣಿ ಅವನದೇ.

"ಅಲ್ಲ ಭಾವ, ನಮ್ಮೂರಿಗಾ? ನಮ್ಮೂರಲ್ಲಿ ಏನಿದೆ ಅಂತ ಇವರನ್ನ ಕರ್ಕೊಂಡು ಹೋಗ್ತೀರಾ? ಕೊಳೆಹಾಕಿದ ಮೀನಿನ ನಾತಕ್ಕೆ ಆ ಹುಡುಗಿ ಮೂರ್ಛೆ ಹೋದ್ರೆ ನಾನು ಜವಾಬ್ದಾರಿ ಅಲ್ಲ."

"ತಾತನ್ನ ತೋರಿಸ್ಬೇಕು. ನೀನು ದೋಣಿ ನಡೆಸು, ಬುದ್ಧಿ ಹೇಳಬೇಡ."

"ಬುದ್ಧಿ ನಿಮಗೆ ಹೇಳೋಕಾಗುತ್ತಾ? ಬಿಡಿ" ಎಂದು ಇಂಜಿನ್ ಹಚ್ಚಿದ.

ಲೂಸಿಯಾಂ ತಾತನ ಮುಂದೆ ಚಪ್ಪಲಿ ಬಿಟ್ಟು ಕೂತ. ತುಂಬ ಹೊತ್ತು ಬರಿದೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಬಟ್ಟೆಯ ಕೆಳಗೆ ಸೊಂಟದ ಕೆತ್ತನೆ ಹೇಗಿದೆಯೋ ಅದರ ಮೇಲೆ ಕಾಲ ಗೊತ್ತಾಗುತ್ತದೆ, ನೋಡಲು ಸಾಧ್ಯವೆ ಎಂದು ಕೇಳಿದ. ಸಾಧ್ಯವಿರಲಿಲ್ಲ. ತಾತನ ಬಟ್ಟೆಯನ್ನು ವರ್ಷಕ್ಕೊಂದು ಸಲ, ಹೊಸ ವರ್ಷದ ಹಿಂದಿನ ದಿನ, ಪರದೆ ಕಟ್ಟಿ ಅಮ್ಮ ಒಬ್ಬಳೇ ಬದಲಾಯಿಸುತ್ತಾಳೆ. ನಾನೂ ನೋಡಿದವನಲ್ಲ. ಇಲ್ಲ ಎಂದು ಹೇಳಿ ಮುಗಿಸಬಹುದಿತ್ತು. ನಾನು ಅಮ್ಮನನ್ನು ಬದಿಗೆ ಕರೆದೆ.

"ಒಂದೇ ಸಲ ಅಮ್ಮ. ಎರಡು ನಿಮಿಷ."

"ತಲೆ ಕೆಟ್ಟಿದೆಯೇನೋ ನಿನಗೆ?"

"ಈ ಮುದುಕ ಎರಡು ದಿನದಿಂದ ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದಿದ್ದಾನೆ. ನಮ್ಮ ಹತ್ರನೂ ಏನೋ ಇದೆ ಅಂತ ಅವನಿಗೆ ಗೊತ್ತಾಗ್ಬೇಕು."

"ನಿನ್ನ ಮರ್ಯಾದೆ ತಾತನ ಪಂಚೆಯೊಳಗೆ ಇದೆಯಾ?" ಎಂದಳು ಅಮ್ಮ. ಆದರೆ ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ. ನಾನು ಅವಳ ಒಬ್ಬನೇ ಮಗ. ಅಗರಬತ್ತಿ ಹಚ್ಚಿ, ಕಣ್ಣುಮುಚ್ಚಿ, "ನಮ್ಮ ಹುಡುಗನ ಸಲುವಾಗಿ, ತಪ್ಪು ತಿಳೀಬೇಡಪ್ಪ" ಎಂದು ತಾತನ ಕಿವಿಯ ಹತ್ತಿರ ಹೇಳಿ, ರೇಷ್ಮೆಯ ಗಂಟು ಬಿಚ್ಚಿದಳು.

ಬೆನ್ನಿನ ಮೇಲೆ ಅಕ್ಷರಗಳಿದ್ದವು. ಆರು ಸಾಲು, ಮೊನ್ನೆ ಕೊರೆದಷ್ಟು ಚೊಕ್ಕ. ಲೂಸಿಯಾಂ ಮಂಡಿಯೂರಿ ಬೆರಳು ತಾಗಿಸದೆ ಒಂದೊಂದೇ ಅಕ್ಷರ ಓದುತ್ತ ಹೋದ. ಓದುತ್ತ ಓದುತ್ತ ಅವನ ಕಣ್ಣಲ್ಲಿ ನೀರು ಬಂತು. ಅವನು ಬಿಡಿಸಿ ಹೇಳಿದ ಅರ್ಥವನ್ನು ನಾನು ಅಮ್ಮನಿಗೆ ಹೇಳಿದೆ. ಈ ದಂಡೆಯ ಜನ ಈ ದೇವರಿಗೆ ದಿನವೂ ಇಷ್ಟು ಅಕ್ಕಿ, ಇಷ್ಟು ಎಣ್ಣೆ, ವರ್ಷಕ್ಕೊಂದು ಬಟ್ಟೆ ಕೊಡತಕ್ಕದ್ದು. ಸೂರ್ಯಚಂದ್ರರು ಇರುವ ತನಕ. ಇವನನ್ನು ಇಲ್ಲಿಂದ ಕದಲಿಸಿದವರು ನರಕಕ್ಕೆ ಹೋಗಲಿ.

"ಎಷ್ಟು ವರ್ಷ ಆಯ್ತಂತೆ?" ಎಂದಳು ಅಮ್ಮ.

"ಸಾವಿರದ ಮೇಲೆ."

"ಸಾವಿರ ವರ್ಷದಿಂದ ನಾವೇ ಅನ್ನ ಹಾಕ್ತಾ ಇದೀವಾ?" ಅಮ್ಮ ತಾತನ ಬೆನ್ನು ಸವರಿದಳು. "ಒಂದು ದಿನವಾದ್ರೂ ಹೇಳ್ಲಿಲ್ಲ ನೋಡು, ಕಳ್ಳ ನೀನು."

ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ. ಲೂಸಿಯಾಂ ನನ್ನ ಎರಡೂ ಕೈ ಹಿಡಿದುಕೊಂಡು, ಬದುಕಿನಲ್ಲಿ ಇಂಥದ್ದು ನೋಡಿರಲಿಲ್ಲ ಎಂದ. ಫೋಟೋ ತೆಗೆಯಬಹುದೆ ಎಂದು ಕೇಳಿದ. "ತೆಗೆಯಿರಿ, ಎಷ್ಟು ಬೇಕೋ ಅಷ್ಟು ತೆಗೆಯಿರಿ" ಎಂದವನು ನಾನೇ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ಮೂರು ವಾರಕ್ಕೆ ಅವನ ಪತ್ರ ಫೋನಿಗೆ ಬಂತು. ತುಂಬ ಸಂಭ್ರಮದ ಪತ್ರ. ತಾತನ ಬಗ್ಗೆ ಬರೆದಿದ್ದೇನೆ, ಎಲ್ಲ ವಿದ್ವಾಂಸರೂ ಬೆರಗಾಗಿದ್ದಾರೆ, ನಿಮಗೆ ಮತ್ತು ನಿಮ್ಮ ತಾಯಿಗೆ ಕೃತಜ್ಞತೆ ಹೇಳಿದ್ದೇನೆ. ಕೆಳಗೆ ಊರಿನ ಹೆಸರು ಸಹಿತ ಲೇಖನ. ತಾತನ ಬರಿ ಬೆನ್ನಿನ ಫೋಟೋ ಜಗತ್ತೆಲ್ಲ ನೋಡುವ ಹಾಗೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅದಾದ ಐದನೆಯ ದಿನ ಇಬ್ಬರು ಅಪರಿಚಿತರು ದೋಣಿಯಲ್ಲಿ ಊರಿಗೆ ಬಂದು ಒಣಮೀನು ಕೊಂಡರು. ಕೊಂಡು ದಿಬ್ಬದ ಸುತ್ತ ಎರಡು ಸುತ್ತು ಹಾಕಿದರು. ಥೋಲ್ ಆವತ್ತೇ ನನಗೆ ಫೋನ್ ಮಾಡಿದ.

"ಭಾವ, ಹೇಳಿದ ರೇಟಿಗೆ ಒಣಮೀನು ಕೊಂಡ್ರು. ಚೌಕಾಸಿನೇ ಮಾಡ್ಲಿಲ್ಲ. ಚೌಕಾಸಿ ಮಾಡದೆ ಒಣಮೀನು ತಗೊಳೋನು ಭೂಮಿ ಮೇಲೆ ಇದಾನಾ? ಕಳ್ಳರೇ ಅವರು. ದೋಣಿ ನೋಡ್ಬೇಕಿತ್ತು, ಅದರಲ್ಲಿ ಎರಡು ಎಮ್ಮೆ ನಿಲ್ಲಿಸಬಹುದು."

ಅವರ ಹಿಂದೆಯೇ ಸರ್ಕಾರದ ಕಾಗದ ಬಂತು. ಪುರಾತನ ಶಿಲ್ಪ ದೇಶದ ಆಸ್ತಿ, ಸುರಕ್ಷತೆಗಾಗಿ ಸ್ಥಳಾಂತರ, ಗ್ರಾಮಸ್ಥರು ಸಹಕರಿಸತಕ್ಕದ್ದು. ಅತ್ತ ದರಿ, ಇತ್ತ ಪುಲಿ. ನಾನು ಎರಡು ದಿನದ ಕೆಲಸ ಬಿಟ್ಟು ಊರಿಗೆ ಓಡಿದೆ.

ಬಂದ ಅಧಿಕಾರಿಯ ಹೆಸರು ರಚನಾ. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ದೊಡ್ಡ ದೋಣಿ, ಸರಪಳಿ, ರಾಟೆ, ಐದು ಜನ ಕೆಲಸದವರು. ನಾವು ಜಗಳಕ್ಕೆ ಸಿದ್ಧರಾಗಿ ನಿಂತಿದ್ದರೆ ಅವಳು ದಿಬ್ಬ ಹತ್ತುವ ಮುಂಚೆ ಬೂಟು ಬಿಚ್ಚಿಟ್ಟು, ತಾತನಿಗೆ ಅಗರಬತ್ತಿ ಹಚ್ಚಿ, ಅಮ್ಮನ ಕಾಲ ಬಳಿ ಕೂತುಕೊಂಡಳು. ಊರಿನ ಮುಖ್ಯಸ್ಥ ಹಾಕ್ ಮಾವ ತಂದುಕೊಟ್ಟ ಎಳನೀರನ್ನೂ ಮೊದಲು ಅಮ್ಮನಿಗೆ ಕೊಟ್ಟಳು. ಇಂಥವಳ ಮೇಲೆ ಕೂಗಾಡುವುದು ಹೇಗೆ?

ಥೋಲ್ ಕೂಗಾಡಿದ. "ಬೆನ್ನ ಮೇಲೆ ಏನು ಬರೆದಿದೆ ಗೊತ್ತಾ ಮೇಡಂ? ಕದಲಿಸಿದೋರು ನರಕಕ್ಕೆ ಹೋಗ್ತಾರೆ."

"ಗೊತ್ತು ಅಣ್ಣ, ನನಗೂ ಓದೋಕೆ ಬರುತ್ತೆ" ಎಂದಳು ರಚನಾ. "ಎಲ್ಲ ಕಲ್ಲಿನ ಮೇಲೂ ಹಾಗೇ ಬರೆದಿರುತ್ತೆ. ನನ್ನ ಪಾಲಿಗೆ ಎಷ್ಟು ನರಕ ಬಾಕಿ ಇದೆಯೋ ನಾನೇ ಎಣಿಸಿಲ್ಲ."

"ನಾವು ಕಾವಲು ಕಾಯ್ತೀವಿ" ಎಂದೆ ನಾನು. "ಸರದಿ ಮೇಲೆ ಕೂತ್ಕೋತೀವಿ. ಎಂಥವನು ಮುಟ್ತಾನೆ ನೋಡೋಣ."

"ಇದೇ ಮಾತು ಹೋದ ವರ್ಷ ಉತ್ತರದ ಕಡೆ ಒಂದೂರಲ್ಲಿ ಹೇಳಿದ್ರು. ನಾನು ಸುಮ್ನೆ ವಾಪಸ್ ಬಂದೆ. ಒಂದು ತಿಂಗಳು ಕಾದ್ರು, ಒಂದು ಮದುವೆ ದಿನ ಬಿಟ್ರು. ಕಳ್ಳರು ಮೂರ್ತಿನ ಗರಗಸದಲ್ಲಿ ಕೊಯ್ದು ತಗೊಂಡು ಹೋದ್ರು, ಪಾದ ಮಾತ್ರ ಪೀಠದ ಮೇಲೆ ಉಳೀತು. ಆ ಊರೋರು ಈಗಲೂ ಆ ಪಾದಕ್ಕೆ ಅನ್ನ ಇಡ್ತಾರೆ." ರಚನಾ ಎಳನೀರಿನ ಬುರುಡೆಯನ್ನೇ ನೋಡುತ್ತ ಹೇಳಿದಳು. "ಇದರ ಹಾಗೇ ಸಿಮೆಂಟಿನಲ್ಲಿ ಒಂದು ಮಾಡಿಸಿ ಕಳಿಸ್ತೀವಿ."

"ಸಿಮೆಂಟ್ ತಾತನಿಗೆ ಪ್ಲಾಸ್ಟಿಕ್ ಕೋಳಿ ಇಡೋಣ" ಎಂದ ಥೋಲ್.

ಹಾಕ್ ಮಾವ ಕೆಮ್ಮಿ ಮಾತೆತ್ತಿದ. "ಆ ಇಬ್ಬರು ಮತ್ತೆ ಬರ್ತಾರೆ ಕಣ್ರಪ್ಪ. ಬಂದೂಕು ತರ್ತಾರೆ. ನಮ್ಮ ಹುಡುಗರು ಸಾಯ್ಬೇಕಾ? ಹೋಗ್ಲಿ, ಎಲ್ಲೋ ಒಂದು ಕಡೆ ನೆರಳಲ್ಲಿ ಇರ್ತಾನೆ."

ಎಲ್ಲರೂ ಅಮ್ಮನನ್ನು ನೋಡಿದರು. ಅವಳು, "ನಾವು ನಾವೇ ಕಿತ್ತಾಡೋದು ಯಾಕೆ? ಅವನನ್ನೇ ಕೇಳೋಣ" ಎಂದಳು.

ನನಗೆ ಹೋದ ಜೀವ ಬಂತು. ತಾತ ಬಂದು ಒಂದು ಮಾತು ಗದರಿದರೆ ಹಾಕ್ ಮಾವನೂ ಬಾಲ ಮುದುರಿಕೊಳ್ಳುತ್ತಾನೆ. ಡೋಲು ತಂದರು. ಹೆಂಡ ತಂದರು. ಅಮ್ಮ ಬಿಳಿ ಬಟ್ಟೆ ಹೊದ್ದು ತಾತನ ಎದುರು ಕೂತಳು. ಡೋಲು ಬಡಿದದ್ದೇ ಬಡಿದದ್ದು. ಎಂದಿನ ಹಾಗಾದರೆ ಅಡಕೆ ಜಗಿದು ಮುಗಿಸುವಷ್ಟರಲ್ಲಿ ಅವಳ ಭುಜ ನಡುಗಬೇಕು. ನಡುಗಲಿಲ್ಲ. ಬಿಸಿಲು ತಗಡಿನ ಈ ತುದಿಯಿಂದ ಆ ತುದಿಗೆ ಹೋಯಿತು. ಡೋಲು ಬಡಿಯುವವನ ಕೈ ಬದಲಾಯಿತು. ಅಮ್ಮನ ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿ ಮಾತ್ರ ಅಲುಗುತ್ತಿತ್ತು. ಹತ್ತಿರ ಕೂತಿದ್ದ ನನಗೆ ಕೇಳಿಸಿತು: "ಬಾರಪ್ಪ. ಎಲ್ಲಾರೂ ನೋಡ್ತಾ ಇದ್ದಾರೆ. ಬಾರಪ್ಪ."

ಅವನು ಬರಲಿಲ್ಲ.

ಅವಳು ಬರಿದೆ ನಟಿಸಬಹುದಿತ್ತು. ದನಿ ಗೊಗ್ಗರು ಮಾಡಿ "ನಾನು ಹೋಗಲ್ಲ" ಎಂದಿದ್ದರೆ ಊರೆಲ್ಲ ನಂಬುತ್ತಿತ್ತು, ಬಹುಶಃ ರಚನಾ ಕೂಡ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅಮ್ಮ ಕಣ್ಣು ತೆರೆದು, ಡೋಲು ನಿಲ್ಲಿಸುವಂತೆ ಕೈ ಮಾಡಿ, ತನ್ನದೇ ಸಣ್ಣ ದನಿಯಲ್ಲಿ ಹೇಳಿದಳು: "ನನ್ನ ಹತ್ರ ಮಾತಾಡಲ್ಲ ಅಂತಾನೆ. ಬಟ್ಟೆ ಬಿಚ್ಚಿದ ಸಿಟ್ಟಿರಬೇಕು. ಎತ್ತಿ ನೋಡಿ. ಮನಸ್ಸಿಲ್ಲದಿದ್ರೆ ಏಳಲ್ಲ."

"ಎತ್ತೋದು ಊರಿನ ಕೈ ಮಾತ್ರ" ಎಂದು ಥೋಲ್ ತಕ್ಷಣ ಎದ್ದುನಿಂತ. "ಎಂಟು ಜನ, ಎರಡು ಅಡ್ಡೆ. ನಿಮ್ಮ ಸರಪಳಿ, ರಾಟೆ ಯಾವುದೂ ತಾಗಬಾರದು ಮೇಡಂ."

ರಚನಾಳ ಕೆಲಸದವರು ಮುಖ ಮುಖ ನೋಡಿಕೊಂಡು ನಕ್ಕರು. ಅವಳು ನಗಲಿಲ್ಲ. "ಏಳದಿದ್ರೆ ಹಾಗೇ ಬರೆದು ಕಳಿಸ್ತೀನಿ. ಇಬ್ಬರು ಪೊಲೀಸರನ್ನ ಕಾವಲಿಗೆ ಹಾಕಿಸಿ ಇಲ್ಲೇ ಇರೋ ಹಾಗೆ ನೋಡ್ಕೋತೀನಿ. ಆದರೆ ಎದ್ರೆ, ಆಮೇಲೆ ಯಾರೂ ಒಂದು ಮಾತು ಆಡಬಾರದು."

"ಆಡಲ್ಲ" ಎಂದಳು ಅಮ್ಮ.

ಗೆದ್ದೆವು ಎಂದೇ ನಾನು ತಿಳಿದೆ. ಎಂಟು ಜನರಲ್ಲಿ ನಾನೊಬ್ಬ, ಥೋಲ್ ಒಬ್ಬ, ಹಾಕ್ ಮಾವ ಒಬ್ಬ, ಉಳಿದವರು ನಮ್ಮ ಜೊತೆ ಈಜಿ ಬೆಳೆದವರು. ಹಗ್ಗ ಸುತ್ತುವಾಗ ಥೋಲ್ ನನ್ನ ಕಿವಿಯಲ್ಲಿ ಉಸುರಿದ: "ಮುಖ ಕೆಂಪು ಮಾಡ್ಕೊಂಡು ಮುಕ್ಕಿರಿದ್ರೆ ಸಾಕು ಭಾವ. ಎಲ್ಲಾರಿಗೂ ಹೇಳಿದೀನಿ. ಹಾಕ್ ಮಾವನಿಗೂ ಕಣ್ಣು ಹೊಡೆದಿದೀನಿ." ಮೋಸವೇ, ಹೌದು. ಆದರೆ ನನಗೆ ನಾಚಿಕೆಯಾಗಲಿಲ್ಲ. ನಾನು ಕೆಡಿಸಿದ್ದನ್ನು ಸರಿಮಾಡಲು ದೇವರು ಕೊಟ್ಟ ದಾರಿ ಎಂದುಕೊಂಡೆ. ಒಂದೇ ಒಂದು ಸಲ ಏನೂ ಮಾಡದೆ ನಿಂತರೆ ಸಾಕು, ತಾತ ಉಳಿಯುತ್ತಾನೆ.

ಅಮ್ಮ ನಮ್ಮೆಲ್ಲರ ಹೆಗಲಿಗೂ ನೀರು ಚಿಮುಕಿಸುತ್ತ ಬಂದಳು. ನನ್ನ ಮುಂದೆ ನಿಂತು, "ಸರಿಯಾಗಿ ಎತ್ರೋ. ಅವನ ಮನಸ್ಸು ನನಗೆ ಗೊತ್ತಾಗ್ಬೇಕು" ಎಂದಳು. ನಾನು ತಲೆಯಾಡಿಸಿದೆ.

ಮುಂದೆ ನಾಲ್ಕು ಜನ, ಹಿಂದೆ ನಾಲ್ಕು ಜನ. ನಾನೂ ಥೋಲೂ ಮುಂದೆ, ಹಾಕ್ ಮಾವ ಹಿಂದೆ. ಬಗ್ಗಿ ಅಡ್ಡೆಗೆ ಹೆಗಲು ಕೊಟ್ಟೆವು. ಥೋಲ್ "ಒಂದು, ಎರಡು, ಹೋ!" ಎಂದ. ನಾನು ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ, ಗಟ್ಟಿಯಾಗಿ ನರಳಿದೆ. ಹೆಗಲಿಗೆ ಅಡ್ಡೆ ಬರೀ ತಾಗಿತ್ತು ಅಷ್ಟೆ. ಪಕ್ಕದಲ್ಲಿ ಥೋಲ್ ಹೆರಿಗೆಯ ಹೆಂಗಸಿನ ಹಾಗೆ ಕೂಗುತ್ತಿದ್ದ. ಕಲ್ಲು ಮಿಸುಕಲಿಲ್ಲ.

"ಇನ್ನೊಂದು ಸಲ" ಎಂದಳು ಅಮ್ಮ.

ಎರಡನೆಯ ಸಲವೂ ಮಿಸುಕಲಿಲ್ಲ. ಜನ ಗುಜುಗುಜು ಎನ್ನತೊಡಗಿದರು. ಮುದುಕಿಯರು ಕೈ ಮುಗಿದರು. ನಾನು ಬಗ್ಗಿಕೊಂಡೇ ರಚನಾಳನ್ನು ನೋಡಿದೆ. ಅವಳು ತುಟಿ ಕಚ್ಚಿಕೊಂಡು, ಕಾಗದ ಮಡಿಸುತ್ತಿದ್ದಳು.

"ಮೂರನೇ ಸಲ" ಎಂದಳು ಅಮ್ಮ. "ಮೂರು ಸಲಕ್ಕೆ ಮುಗೀತು."

ಥೋಲ್ "ಹೋ!" ಎಂದ. ಹಿಂದಿನಿಂದ ಒಂದು ನಿಜವಾದ ಉಸಿರು ಕೇಳಿಸಿತು. ಹಾಕ್ ಮಾವ ಎತ್ತಿದ್ದ. ಅವನಿಗೆ ಕಣ್ಣು ಹೊಡೆದದ್ದು ಅರ್ಥವಾಗಿತ್ತು, ಆದರೆ ಬಂದೂಕಿನ ಭಯ ಅದಕ್ಕಿಂತ ದೊಡ್ಡದು. ಅವನಿಗೆ ಮೂವರು ಗಂಡುಮಕ್ಕಳು. ಅವನ ಪಕ್ಕದವರಿಬ್ಬರು ಅವನ ತಮ್ಮನ ಮಕ್ಕಳು, ಅವರೂ ಎತ್ತಿದರು. ಹಿಂದಿನ ಭಾಗ ಮೇಲಕ್ಕೆ ಬಂತು. ತಾತ ಮುಂದಕ್ಕೆ ವಾಲಿದ, ನಮ್ಮ ಕಡೆಗೆ.

ನಮ್ಮ ಮುಂದೆ ಕಲ್ಲಿನ ಮೆಟ್ಟಿಲು. ನನ್ನ ಕೆನ್ನೆಯಿಂದ ಗೇಣು ದೂರದಲ್ಲಿ ತಾತನ ಕುತ್ತಿಗೆ. ಸುಣ್ಣ ಮೆತ್ತಿದ ಬಿರುಕು ಕಿರ್ರೆಂದು ಬಾಯಿ ಬಿಡುವುದನ್ನು ನಾನು ಕಣ್ಣಾರೆ ಕಂಡೆ. ಪುಡಿ ಉದುರಿತು. ಕೆಳಗೆ ಥೋಲ್‌ನ ಕಾಲಿತ್ತು. "ಭಾವ!" ಎಂದು ಅವನು ಚೀರಿದ. ಅದು ನಾಟಕದ ದನಿಯಾಗಿರಲಿಲ್ಲ. ಇನ್ನೊಂದು ಕ್ಷಣ ಸುಮ್ಮನಿದ್ದರೆ ತಾತ ಮೆಟ್ಟಿಲ ಮೇಲೆ ಬಿದ್ದು ರುಂಡ ಒಂದು ಕಡೆ, ಮುಂಡ ಒಂದು ಕಡೆ.

ನಾನು ಎತ್ತಿದೆ. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎತ್ತಿದೆ. ಥೋಲ್ ಎತ್ತಿದ, ನಾವು ನಾಲ್ವರೂ ಎತ್ತಿದೆವು. ತಾತ ಬೀಳಬಾರದು ಎನ್ನುವುದು ಬಿಟ್ಟರೆ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಭಾರ ಎಂದರೆ ಎಂಥ ಭಾರ! ಅಡ್ಡೆ ಹೆಗಲಿನ ಚರ್ಮ ಕಿತ್ತು ಮೂಳೆಗೆ ತಾಗಿತು, ಕಣ್ಣಿಗೆ ಕತ್ತಲೆ ಕಟ್ಟಿತು, ಸೊಂಟ ಮುರಿಯಿತು ಎಂದುಕೊಂಡೆ. ನೆಟ್ಟಗೆ ನಿಂತು, ಉಸಿರು ಬಿಟ್ಟು, ಕೆಳಗೆ ನೋಡಿದೆ.

ತಾತ ನೆಲ ಬಿಟ್ಟು ಮೊಣಕಾಲೆತ್ತರ ಮೇಲಿದ್ದ. ಅವನ ಪೀಠದ ಕೆಳಗಿನ ಮಣ್ಣಿನಲ್ಲಿ ಎರೆಹುಳುಗಳು ಒದ್ದಾಡುತ್ತಿದ್ದವು.

"ಎದ್ದ" ಎಂದರು ಯಾರೋ. "ತಾತ ಎದ್ದ."

ಇಲ್ಲ, ಅವನು ಏಳಲಿಲ್ಲ, ಬೀಳುತ್ತಿದ್ದವನನ್ನು ನಾವು ಹಿಡಿದೆವು ಎಂದು ಕೂಗಬೇಕೆನ್ನಿಸಿತು. ಕೂಗಿದ್ದರೆ ಮೊದಲೆರಡು ಸಲ ಎತ್ತಲೇ ಇಲ್ಲ ಎಂದೂ ಹೇಳಬೇಕಾಗುತ್ತಿತ್ತು. ಇಡೀ ಊರಿನ ಮುಂದೆ, ತಾತನ ಮುಂದೆ, ಅಮ್ಮನ ಮುಂದೆ. ಹಾಕ್ ಮಾವ ಹಿಂದಿನಿಂದ, "ನಡೀರಿ, ನಡೀರಿ, ನಿಂತ್ರೆ ಸಾಯ್ತೀವಿ" ಎಂದು ತಳ್ಳಿದ. ಕಾಲು ತಾವಾಗಿಯೇ ನಡೆದವು. ಮೆಟ್ಟಿಲಿಳಿದು, ನೀರಿಗಿಳಿದು, ರಚನಾಳ ದೋಣಿಯಲ್ಲಿ ಹುಲ್ಲಿನ ಹಾಸಿನ ಮೇಲೆ ಅವನನ್ನು ಮಲಗಿಸುವ ತನಕ ನಾನು ತಲೆ ಎತ್ತಿ ಯಾರನ್ನೂ ನೋಡಲಿಲ್ಲ.

ರಚನಾಳಿಗೆ ಕೊಟ್ಟ ಮಾತಿನಂತೆ ಯಾರೂ ಒಂದು ಮಾತೂ ಆಡಲಿಲ್ಲ. ಹೊರಡುವ ಮುಂಚೆ ಅವಳು ಅಮ್ಮನ ಕೈ ಹಿಡಿದು, ಯಾವಾಗ ಬಂದರೂ ಬಾಗಿಲು ತೆರೆಸಿ ತೋರಿಸುತ್ತೇನೆ, ಟಿಕೆಟ್ ಬೇಡ ಎಂದಳು. ಅಮ್ಮ "ಆಗ್ಲಿ ಮಗಳೇ" ಎಂದಳು. ತಾತನ ಮುಖಕ್ಕೆ ಬಿಸಿಲು ಬೀಳುತ್ತಿತ್ತು. ಅಮ್ಮ ತನ್ನ ತಲೆಯ ವಸ್ತ್ರ ಬಿಚ್ಚಿ ಮುಖಕ್ಕೆ ಹೊದಿಸಿದಳು. ದೋಣಿ ಹೋಯಿತು. ಮೋಟರಿನ ಸದ್ದು ನಿಂತ ಮೇಲೂ ಊರಿನವರು ನೀರಿನ ಅಂಚಿನಲ್ಲೇ ನಿಂತಿದ್ದರು. ಆಮೇಲೆ ಒಬ್ಬೊಬ್ಬರೇ ಬಲೆ ನೋಡಲು ಹೋದರು.

ಸಂಜೆ ನಾನು ಮನೆಯ ಜಗಲಿಯಲ್ಲಿ ಕೂತಿದ್ದೆ. ಹೆಗಲು ಉರಿಯುತ್ತಿತ್ತು. ರಕ್ತ ಅಂಗಿಗೆ ಅಂಟಿತ್ತು, ಅದು ಕಾಣದಿರಲೆಂದು ಮೇಲೆ ಟವೆಲ್ ಹಾಕಿಕೊಂಡಿದ್ದೆ. ಅಮ್ಮ ಬಂದು ಪಕ್ಕದಲ್ಲಿ ಕೂತಳು. ಬೈಯಲಿ ಎಂದು ಕಾದೆ. ಬಾಯಿಗೆ ಬಂದ ಹಾಗೆ ಬೈದು, ನಿನ್ನಿಂದಲೇ ಇಷ್ಟೆಲ್ಲ ಆಯಿತು ಎಂದು ಎರಡು ಬಾರಿಸಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ. ಅವಳು ಬೈಯಲಿಲ್ಲ.

"ಬುನ್ಥನ್."

"ಹೇಳಮ್ಮ."

"ಒಂದು ಕೇಳ್ತೀನಿ, ನಿಜ ಹೇಳು. ನಿನ್ನ ಹೆಗಲ ಮೇಲಿದ್ದ ತಾನೆ. ಭಾರ ಇದ್ದನಾ, ಹಗುರ ಇದ್ದನಾ?"

ಭಾರ ಇದ್ದ ಎಂದರೆ ಅವನಿಗೆ ಹೋಗುವ ಮನಸ್ಸಿರಲಿಲ್ಲ, ನಾವು ಬಲವಂತವಾಗಿ ಕಿತ್ತೊಯ್ದೆವು ಎಂದಾಗುತ್ತದೆ. ಆಮೇಲೆ ಊರಲ್ಲಿ ಒಂದು ಮಗುವಿಗೆ ಜ್ವರ ಬಂದರೂ, ಒಂದು ದೋಣಿ ಮುಳುಗಿದರೂ ಅವಳು ಎದೆ ಬಡಿದುಕೊಳ್ಳುತ್ತಾಳೆ, ತನ್ನ ಮಗನ ಕೈ ಇದು ಎಂದು. ಸಾಯುವ ತನಕ. ನಾನು ನೀರಿನ ಕಡೆ ನೋಡುತ್ತ ಹೇಳಿದೆ.

"ಹಗುರ ಇದ್ದ ಅಮ್ಮ. ಹೂವಿನ ಹಾಗೆ ಎದ್ದ."

ಅಮ್ಮ ತಲೆಯಾಡಿಸಿದಳು. ಸಮಾಧಾನವಾಯಿತು ಎಂದುಕೊಂಡೆ. ಆಮೇಲೆ ನೋಡಿದರೆ ಅವಳ ಗಲ್ಲ ನಡುಗುತ್ತಿತ್ತು.

"ಅಷ್ಟು ಆತುರ ಇತ್ತಾ ಅವನಿಗೆ ಹೋಗೋಕೆ?" ಎಂದಳು. "ಮೂವತ್ತೊಂದು ವರ್ಷ ಕಣೋ. ಅಷ್ಟು ಹೊತ್ತು ಕರೆದೆ, ಊರೆಲ್ಲ ನೋಡ್ತಾ ಇತ್ತು. ಹೋಗ್ತೀನಿ ಅಂತ ನನಗೆ ಒಂದು ಮಾತು ಹೇಳ್ಬಾರದಿತ್ತಾ?"